ಆಡೋಕೆ ನಾವು, ಆಡಿಸೋಕೆ ಯಾರು?

(ರಾಮಕೃಷ್ಣನಗರದಲ್ಲಿ ಹಾಸ್ಟೆಲ್ ಗೆಳೆಯರ ಮುಂದೆ ಆಡಿದ ಮಾತು)



ಧಾರವಾಡದಲ್ಲಿ 1876ರಲ್ಲಿ ಚಮ್ಮಾರರ ಮನೆಯಲ್ಲಿ ಹುಟ್ಟಿದವರು ಪಾಲ್ವಂಕರ್ ಬಾಳು. ಹಿಂದೂಗಳ ತಂಡಕ್ಕೆ ಅವರ ಎಡಗೈ ಬೌಲಿಂಗ್ ಬೇಕಾಯ್ತು. ಚಹಾ ಮಾತ್ರ ಹೊರಗೆ, ಮಣ್ಣಿನ ಕುಡಿಕೆಯಲ್ಲಿ! 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದರು. ನಾಯಕತ್ವ ಕೊಟ್ಟರಾ? ಇಲ್ಲ. 1920ರಲ್ಲಿ ತಮ್ಮಂದಿರು ಪ್ರತಿಭಟಿಸಿ ತಂಡ ಬಿಟ್ಟರು. ಆಮೇಲೆ ಬಾಳು ಉಪನಾಯಕರಾದರು. 1923ರಲ್ಲಿ ತಮ್ಮ ವಿಠಲ್ ನಾಯಕ. ಹೋರಾಡಿದ್ದಕ್ಕೆ ಸಿಕ್ಕಿತು, ಕರುಣೆಯಿಂದಲ್ಲ.

ಇಂಗ್ಲೆಂಡಿನ ಫುಟ್‌ಬಾಲಲ್ಲೂ ಇದೇ ಕತೆ: ಮೈದಾನದ ತುಂಬ ಕರಿಯ ಆಟಗಾರರು, ಮ್ಯಾನೇಜರ್ ಕುರ್ಚೀಲಿ ಬೆರಳೆಣಿಕೆಯಷ್ಟು.

ನಮ್ಮ ಹಾಸ್ಟೆಲ್ಲಲ್ಲೂ ಆಡೋರಿಗೇನು ಕಮ್ಮಿಯಿಲ್ಲ. ತಂಡ ಆರಿಸೋರು ಯಾರು ಅಂತ ಕೇಳೋಣ. 1911ರ ತಂಡದ ನಾಯಕ ಪಟಿಯಾಲದ ಮಹಾರಾಜ. ಆ ಮನೆತನದ ಹಳೇ ಅರಮನೇಲೇ ಇವತ್ತು ಕೋಚ್‌ಗಳನ್ನು ತಯಾರು ಮಾಡೋ ಸರ್ಕಾರಿ ಸಂಸ್ಥೆ ಇದೆ. ಅಲ್ಲಿಗೆ ಅರ್ಜಿ ಹಾಕೋಣ. ಆಡೋದೂ ನಮಗೆ ಗೊತ್ತು, ಆಡಿಸೋದೂ ಗೊತ್ತು.