ಪರಭಾಷೆಯ ಮನೆಯಲ್ಲಿ



ಚನ್ನಗಿರಿಯ ತರುಣನೊಬ್ಬ ಎರಡು ವರ್ಷ ಪುಸ್ತಕ ಹಿಡಿದು ಫ್ರೆಂಚ್ ಕಲಿತು, ಅದನ್ನು ಇನ್ನಷ್ಟು ಹದಗೊಳಿಸಿಕೊಳ್ಳಲೆಂದು ಫ್ರಾನ್ಸಿಗೆ ಹೋಗಿ, ಅಲ್ಲಿಯ ಒಂದು ಸಂಸಾರದಲ್ಲಿ ಅತಿಥಿಯಾಗಿ ನೆಲೆಸಿದನೆಂದು ಭಾವಿಸೋಣ. ವ್ಯಾಕರಣ ಅವನಿಗೆ ಕರತಲಾಮಲಕ. ಆದರೂ ಮೊದಲ ರಾತ್ರಿಯ ಊಟದಲ್ಲಿ ಅವನು ಮೂಕನಾಗುತ್ತಾನೆ. 'ನನಗೆ ತಿಳಿಯದು' ಎನ್ನುವುದಕ್ಕೆ ಪುಸ್ತಕ ಕಲಿಸಿದ್ದು 'ಜ ನ ಸೆ ಪಾ' ಎಂದು; ಎದುರಿಗೆ ಕುಳಿತ ಮನೆಯ ಹುಡುಗ ಆಡುವುದು 'ಶೆ ಪಾ' ಎಂದಷ್ಟೇ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಪಂಪನನ್ನು ಓದಿಕೊಂಡು ಹೊನ್ನಾಳಿಯ ಸಂತೆಗೆ ಬಂದ ಪರದೇಶದವನಿಗೆ 'ಗೊತ್ತಿಲ್ರೀ' ಎಂಬ ಮಾತಿನ ಮೂಲ ಒಡನೆಯೇ ಹೊಳೆದೀತೇ?

ಭಾಷೆಗಾಗಿ ಪರರ ಮನೆ ಸೇರುವ ಪದ್ಧತಿ ಯೂರೋಪಿನಲ್ಲಿ ಹಳೆಯದು. ಸ್ವಿಟ್ಜರ್ಲೆಂಡಿನ ಜರ್ಮನ್ ಭಾಗದ ಹುಡುಗಿಯರು ಶಾಲೆ ಮುಗಿದ ಮೇಲೆ ಫ್ರೆಂಚ್ ಭಾಗದ ಮನೆಯೊಂದರಲ್ಲಿ ವರ್ಷಕಾಲ ಇದ್ದು, ಮನೆಗೆಲಸಕ್ಕೆ ನೆರವಾಗುತ್ತ ಆ ಭಾಷೆಯನ್ನು ಕಲಿತು ಬರುವುದು ಅಲ್ಲಿ ಎಷ್ಟೋ ತಲೆಮಾರುಗಳ ವಾಡಿಕೆ. ಎರಡು ಮನೆಗಳವರು ತಮ್ಮ ಮಕ್ಕಳನ್ನೇ ಅದಲು ಬದಲು ಮಾಡಿಕೊಂಡದ್ದೂ ಉಂಟು.

ವಿದ್ಯಾರ್ಥಿನಿಲಯದಲ್ಲಿ ದೊರೆಯದ್ದು ಮನೆಯಲ್ಲಿ ಏನು ದೊರೆಯುತ್ತದೆ? ಮುಖ್ಯವಾಗಿ ಊಟದ ಮೇಜು. ನಾವು ಎಡಗೈಯನ್ನು ಮರೆಯಲ್ಲಿಟ್ಟು ಉಣ್ಣುವವರು. ಅಲ್ಲಿ ಎರಡು ಕೈಗಳೂ ಮೇಜಿನ ಮೇಲೆ ಕಾಣುತ್ತಿರುವುದು ಸಭ್ಯತೆ. ಬ್ರೆಡ್ಡಿನ ತುಂಡನ್ನು ತಟ್ಟೆಯಲ್ಲಿಡದೆ ಪಕ್ಕದ ಮೇಜುವಸ್ತ್ರದ ಮೇಲೆಯೇ ಇಡುತ್ತಾರೆ. ಊಟ ನಿಧಾನ, ಮಾತು ಧಾರಾಳ. ನಮ್ಮ ಹಿರಿಯರು 'ಉಣ್ಣುವಾಗ ಮಾತಾಡಬೇಡ' ಎಂದು ಗದರಿಸುತ್ತಿದ್ದರು. ಅಲ್ಲಿ ಮಾತಾಡದೆ ಉಂಡವನೇ ಒರಟ. ಹೀಗಾಗಿ ತರುಣ ಬಾಯಿ ತೆರೆಯಲೇಬೇಕು, ತೆರೆದರೆ ತಪ್ಪಲೇಬೇಕು. ದೊಡ್ಡವರು ದಾಕ್ಷಿಣ್ಯದಿಂದ ಆ ತಪ್ಪನ್ನು ನುಂಗಿಕೊಂಡಾರು, ಮಕ್ಕಳಿಗೆ ದಾಕ್ಷಿಣ್ಯವಿಲ್ಲ. ನಕ್ಕು, ತಿದ್ದಿ, ಮತ್ತೆ ಹೇಳಿಸುತ್ತಾರೆ. ಪದವೀಧರನಾದವನು ಆರು ವರ್ಷದ ಗುರುವಿನ ಮುಂದೆ ತಲೆಬಾಗಬೇಕು. ಇದನ್ನು ಒಲ್ಲದೆ, ಹಣ ತೆತ್ತೆನೆಂದು ತನ್ನ ಕೋಣೆಯಲ್ಲೇ ಕದವಿಕ್ಕಿ ಉಣ್ಣುವವನು ಪ್ಯಾರಿಸ್ಸಿನಲ್ಲಿದ್ದರೂ ಒಂದೇ, ಜಗಳೂರಿನಲ್ಲಿದ್ದರೂ ಒಂದೇ.

ಒಂದು ವಿಷಯದಲ್ಲಿ ಮಾತ್ರ ಕನ್ನಡಿಗನಿಗೆ ಅನುಕೂಲವಿದೆ. ಫ್ರೆಂಚಿನಲ್ಲಿ 'ನೀನು' ಎನ್ನುವುದಕ್ಕೆ ಒಂದು ಪದ, 'ನೀವು' ಎನ್ನುವುದಕ್ಕೆ ಇನ್ನೊಂದು. ಇಂಗ್ಲಿಷಿನವನಿಗೆ ಇದು ಬಾಯಿಪಾಠದ ಕಷ್ಟ. ತಾಯಿಗೆ ಏಕವಚನ, ಅತ್ತೆಗೆ ಬಹುವಚನ ಎಂಬ ಸೂಕ್ಷ್ಮದಲ್ಲಿಯೇ ಬೆಳೆದ ನಮಗೆ ಅದು ಅಪರಿಚಿತವಲ್ಲ. ಮೊದಲು ಬಹುವಚನದಲ್ಲಿ ಮಾತಾಡಿಸುತ್ತಿದ್ದ ಮನೆಯೊಡತಿ ಒಂದು ದಿನ 'ಇನ್ನು ನೀನು ಎಂದೇ ಕರೆ' ಎಂದರೆ, ಪರೀಕ್ಷೆಯಲ್ಲಿ ತೇರ್ಗಡೆಯಾದುದಕ್ಕಿಂತ ಅದು ದೊಡ್ಡದು.

ಈ ದಾರಿಯಲ್ಲಿ ನಡೆದ ನಮ್ಮವರಲ್ಲಿ ರಾಜಾರಾಯರ ಕಥೆ ಸ್ವಾರಸ್ಯವಾದದ್ದು. 1908ರಲ್ಲಿ ಹಾಸನದಲ್ಲಿ ಹುಟ್ಟಿದ ಅವರು ಆಲಿಗಢದಲ್ಲಿ ಫ್ರೆಂಚ್ ಕಲಿಯತೊಡಗಿ, ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನ ಪಡೆದು 1929ರಲ್ಲಿ ಮೋಂಪೆಲಿಯೆ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ ಫ್ರೆಂಚ್ ಕಲಿಸುತ್ತಿದ್ದ ಕಮೀಲ್ ಮೂಲಿಯವರನ್ನು 1931ರಲ್ಲಿ ಮದುವೆಯಾದರು. ಅತಿಥಿಯಾಗಿ ಹೋದವರು ಅಲ್ಲಿ ತಮ್ಮದೇ ಸಂಸಾರ ಹೂಡಿದರೆನ್ನಬೇಕು. ಆದರೆ ನನ್ನ ಗಮನ ಸೆಳೆದದ್ದು ಅದಲ್ಲ. ಅದೇ 1931-32ರ ಸುಮಾರಿನಲ್ಲಿ ಅವರು ಧಾರವಾಡದ 'ಜಯಕರ್ನಾಟಕ'ಕ್ಕೆ ಕನ್ನಡದಲ್ಲಿ ಲೇಖನಗಳನ್ನು ಬರೆದರು. ದಿನವಿಡೀ ಫ್ರೆಂಚ್ ಕೇಳುತ್ತಿದ್ದ ಕಿವಿಗೆ ಮನೆಮಾತು ಹೆಚ್ಚು ಸ್ಫುಟವಾಗಿ ಕೇಳಿಸಿತೋ ಏನೋ. 1938ರಲ್ಲಿ ಹೊರಬಂದ 'ಕಾಂತಾಪುರ' ಇಂಗ್ಲಿಷಿನ ಪುಸ್ತಕವೇ ಸರಿ, ಆದರೆ ಅದರ ಉಸಿರಾಟ ಜಗಲಿಯ ಮೇಲೆ ಕುಳಿತ ಕನ್ನಡ ಅಜ್ಜಿಯದು. ಆ ದಾಂಪತ್ಯ ಬಹುಕಾಲ ಬಾಳಲಿಲ್ಲ. ಪರಭಾಷೆಯ ಮನೆ ಎಲ್ಲವನ್ನೂ ಕೊಡುವುದಿಲ್ಲ.

ನಮ್ಮಲ್ಲಿಯೂ ವಿದ್ಯೆಗಾಗಿ ಪರರ ಮನೆಯ ಅನ್ನ ಉಂಡವರು ಅಸಂಖ್ಯರು. ವಾರಾನ್ನವೆಂದರೆ ಅದೇ: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಅದರ ಉಪಕಾರವನ್ನು ಅಲ್ಲಗಳೆಯಲಾರೆ. ಆದರೆ ಅಲ್ಲಿ ಸ್ವಜಾತಿಯ ಮನೆಗಳೇ ಹೆಚ್ಚು. ಹುಡುಗ ತಲೆತಗ್ಗಿಸಿ ಉಂಡು ಎದ್ದರೆ ಸಾಕಾಗಿತ್ತು. ಅವನೊಡನೆ ಮಾತಾಡುವುದು ಆ ಏರ್ಪಾಡಿನ ಭಾಗವಾಗಿರಲಿಲ್ಲ.

ಇನ್ನೊಂದು ಮಾತು. ಪರಭಾಷೆಯ ನಡುವೆ ಹೋಗಿ ನಿಲ್ಲಲು ನಮ್ಮ ತಾಲ್ಲೂಕುಗಳ ಮಕ್ಕಳು ಸಮುದ್ರ ದಾಟಬೇಕಾಗಿಲ್ಲ. ಚನ್ನಗಿರಿಯ ಪೇಟೆಯಲ್ಲಿ ಉರ್ದು ಮನೆಮಾತಾದವರಿದ್ದಾರೆ. ಜಗಳೂರಿನ ಕಡೆ ಒಳಗೆ ತೆಲುಗು, ಹೊರಗೆ ಕನ್ನಡ ಆಡುವ ಸಂಸಾರಗಳಿವೆ. ಹೊನ್ನಾಳಿಯಿಂದ ಬೇರ್ಪಟ್ಟು ಈಚೆಗೆ ತಾಲ್ಲೂಕಾದ ನ್ಯಾಮತಿಯಲ್ಲಿ ಸೂರಗೊಂಡನಕೊಪ್ಪವಿದೆ. ಅದು ಸಂತ ಸೇವಾಲಾಲರ ಜನ್ಮಸ್ಥಳ. ಪ್ರತಿ ಫೆಬ್ರವರಿಯಲ್ಲಿ ದೂರದೂರದ ಬಂಜಾರರು ಅಲ್ಲಿ ನೆರೆಯುತ್ತಾರೆ. ರಾಜಸ್ಥಾನದ ಮಾತುಗಳಿಗೆ ಹತ್ತಿರದ ಲಂಬಾಣಿಯನ್ನೇ ಕೇಳುತ್ತ ಬೆಳೆದ ತಾಂಡಾದ ಮಗು ಶಾಲೆಯ ಹೊಸಿಲು ದಾಟಿದ ದಿನ, ಫ್ರಾನ್ಸಿಗೆ ಹೋದ ನಮ್ಮ ತರುಣನ ಸ್ಥಿತಿಯಲ್ಲಿಯೇ ಇರುತ್ತದೆ. ವ್ಯತ್ಯಾಸವಿಷ್ಟೆ: ತರುಣ ಬಯಸಿ ಹೋದವನು, ಅವನಿಗಾಗಿ ಕಾದಿರುವ ಮನೆಯೊಂದಿದೆ. ಈ ಮಗು ಬಯಸಿದ್ದಲ್ಲ. ಅದಕ್ಕೆ ಆತಿಥೇಯರೂ ಇಲ್ಲ. ತರುಣನ ತಪ್ಪಿಗೆ ನಗುವವರು ತಿದ್ದಿಯೂ ತಿದ್ದುತ್ತಾರೆ. ಮಗುವಿನ ತಪ್ಪಿಗೆ ಹಿಂದಿನ ಬೆಂಚಿನ ನಗೆಯಷ್ಟೇ ದೊರೆಯುವುದುಂಟು.

ನಮ್ಮ ಪೇಟೆಯ ಓದಿದ ಮನೆಗಳಲ್ಲಿ ಎಷ್ಟು ಮಂದಿ ಅಂಥ ಹುಡುಗನನ್ನು ಊಟಕ್ಕೆ ಕೂರಿಸಿಕೊಂಡು, 'ನಿಮ್ಮಲ್ಲಿ ಇದಕ್ಕೆ ಏನಂತೀರಪ್ಪ?' ಎಂದು ಕೇಳಿದ್ದೇವೆ? ಕೇಳಿದರೆ ಅವನು ಹೇಳುತ್ತಾನೆ, ನೀರಿಗೆ ಪಾಣಿ, ತಾಯಿಗೆ ಯಾಡಿ.

(ಆಕಾಶವಾಣಿಯ ಕೃಪೆಯಿಂದ)