ಗುಡ್ಡದ ಓಟ ಮತ್ತು ಹೆಣ್ಣುಮಕ್ಕಳು



ಕೃಷ್ಣಾ-ತುಂಗಭದ್ರೆಯರ ನಡುವಿನ ಈ ಸೀಮೆಗೆ ‘ಎಡೆದೊರೆ ನಾಡು’ ಎಂಬ ಪ್ರಾಚೀನ ಹೆಸರಿದೆ. ಬಾಗಲವಾಡದಂಥ ಊರುಗಳಲ್ಲಿ ಕಳೆ ಕೀಳುವ, ಸಸಿ ನಾಟುವ, ಕೊಡ ಹೊತ್ತು ನಡೆಯುವ ಹೆಣ್ಣುಮಕ್ಕಳಿಗೆ ದೂರವೂ ಬಿಸಿಲೂ ಹೊಸವಲ್ಲ. ಆದರೆ ಆ ಕಾಲುಗಳ ಕಸುವನ್ನು ಸಾಧನೆಯೆಂದು ಎಣಿಸುವ ರೂಢಿ ನಮ್ಮಲ್ಲಿಲ್ಲ. ಹುಡುಗಿ ಕೊಡ ಹಿಡಿದು ಓಡಿದರೆ ಅದು ಮನೆಗೆಲಸ. ಬರಿಗೈಯಲ್ಲಿ ಗುಡ್ಡಕ್ಕೆ ಓಡಿದರೆ ಊರಿಗೆಲ್ಲ ಮಾತು.

ಉತ್ತರ ಇಂಗ್ಲೆಂಡಿನಲ್ಲಿ ಬೋಳುಗುಡ್ಡಗಳಿಗೆ ‘ಫೆಲ್’ ಎನ್ನುತ್ತಾರೆ. ಅವುಗಳನ್ನು ಓಡುತ್ತ ಏರಿ ಇಳಿಯುವುದೇ ‘ಫೆಲ್ ರನ್ನಿಂಗ್’. ಅಲ್ಲಿ ಹಾಸಿದ ಹಾದಿಯಿರುವುದಿಲ್ಲ. ನಕಾಶೆ, ದಿಕ್ಸೂಚಿಗಳ ನೆರವಿನಿಂದ ಓಟಗಾರರೇ ದಾರಿ ಹುಡುಕಬೇಕು. 1932ರಲ್ಲಿ ಬಾಬ್ ಗ್ರಹಾಂ ಎಂಬವರು 24 ಗಂಟೆಗಳೊಳಗೆ 42 ಶಿಖರಗಳನ್ನು ಸುತ್ತಿ ಬಂದರು. ಆ ಸುತ್ತನ್ನು ಪೂರೈಸಿದ ಮೊದಲ ಮಹಿಳೆ ಜೀನ್ ಡಾಸ್, ಅದು 1977ರಲ್ಲಿ. ಅದಕ್ಕೂ ಮುನ್ನ, 1955ರಲ್ಲಿ, ಬ್ರಿಟನ್ನಿನ ಅತ್ಯುನ್ನತ ಶಿಖರವಾದ ಬೆನ್ ನೆವಿಸ್ಸನ್ನು 16ರ ಹರೆಯದ ಕ್ಯಾಥ್ಲೀನ್ ಕಾನಕಿ ಓಡಿ ಏರಿ ಇಳಿದಿದ್ದಳು. ಅಧಿಕೃತ ಸ್ಪರ್ಧೆಯಲ್ಲಿ ಹೆಣ್ಣಿಗೆ ಅಂದು ಸ್ಥಾನವಿರಲಿಲ್ಲ.

ನಿಕಿ ಸ್ಪಿಂಕ್ಸ್ ದನಕರು ಸಾಕುವ ರೈತ ಮಹಿಳೆ. 2006ರಲ್ಲಿ ಅವರಿಗೆ ಸ್ತನ ಕ್ಯಾನ್ಸರ್ ಇರುವುದು ತಿಳಿಯಿತು. ಹತ್ತು ವರ್ಷಗಳ ತರುವಾಯ, 2016ರಲ್ಲಿ, ಅವರು ಬಾಬ್ ಗ್ರಹಾಂ ಸುತ್ತನ್ನು ಬೆನ್ನುಬೆನ್ನಿಗೆ ಎರಡು ಸಲ, 45 ಗಂಟೆ 30 ನಿಮಿಷಗಳಲ್ಲಿ ಮುಗಿಸಿದರು.

ಪಶುವೈದ್ಯೆ ಜಾಸ್ಮಿನ್ ಪ್ಯಾರಿಸ್ 2019ರ ಜನವರಿಯ ಚಳಿಯಲ್ಲಿ ನಡೆದ ಸುಮಾರು 430 ಕಿಲೋಮೀಟರುಗಳ ‘ಸ್ಪೈನ್ ರೇಸ್’ನಲ್ಲಿ ಗಂಡಸರನ್ನೂ ಹಿಂದಿಕ್ಕಿ ಮೊದಲಿಗರಾದರು. ಆಗ ಅವರು ಎಳೆಯ ಮಗುವಿನ ತಾಯಿ. ದಾರಿಯ ತಂಗುದಾಣಗಳಲ್ಲಿ ಎದೆಹಾಲನ್ನು ಹಿಂಡಿ ತೆಗೆದು ಮುಂದೆ ಓಡಿದರು. 2024ರಲ್ಲಿ ಅಮೆರಿಕದ ದುರ್ಗಮ ‘ಬಾರ್ಕ್ಲಿ ಮ್ಯಾರಥಾನ್’ ಪೂರೈಸಿದ ಮೊದಲ ಮಹಿಳೆಯೂ ಅವರೇ. ಕೊಟ್ಟ ಅವಧಿ 60 ಗಂಟೆ. ಅವರು ಗುರಿ ಮುಟ್ಟಿದಾಗ ಉಳಿದದ್ದು 99 ಸೆಕೆಂಡು.

ಇವರೆಲ್ಲ ದೂರದವರು ಎನಿಸಿದರೆ ನೇಪಾಳದ ಮೀರಾ ರಾಯ್ ಅವರನ್ನು ನೋಡಬಹುದು. ಭೋಜಪುರ ಜಿಲ್ಲೆಯ ಗುಡ್ಡದೂರಿನ ಈ ಹುಡುಗಿ ನೀರು, ಅಕ್ಕಿಮೂಟೆ ಹೊತ್ತು ಬೆಳೆದವಳು. ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು. 2014ರಲ್ಲಿ ಕಠ್ಮಂಡು ಬಳಿ 50 ಕಿಲೋಮೀಟರುಗಳ ಓಟವನ್ನು ಗೆದ್ದು, ಮರುವರ್ಷವೇ ಫ್ರಾನ್ಸಿನ 80 ಕಿಲೋಮೀಟರುಗಳ ‘ಮಾಂಟ್ ಬ್ಲಾಂಕ್’ ಓಟದಲ್ಲೂ ಜಯ ಗಳಿಸಿದರು. ಹೊರೆ ಹೊತ್ತ ಕಾಲುಗಳೇ ಅವರ ಬಂಡವಾಳ.

ನಮ್ಮ ನಾಡಿನಲ್ಲಿಯೂ ಇಂಥ ಕಸುವಿಗೆ ಕೊರತೆಯಿಲ್ಲ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಉತ್ತರ ಕನ್ನಡದ ಕಾಡಿನ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ನೀಡಿತು. ಅವರಲ್ಲಿ ಕಮಲಾ ಸಿದ್ದಿ ಹರ್ಡಲ್ಸ್ ಓಟದಲ್ಲಿ ಹೆಸರಾದರು. ಆದರೆ ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು. ಎಷ್ಟೋ ಮಕ್ಕಳು ಊರಿಗೆ ಮರಳಿದರು. ಪ್ರತಿಭೆ ಮಣ್ಣಿನಲ್ಲೇ ಇರುತ್ತದೆ. ನೀರೆರೆಯುವ ಕೈ ನಡುವೆ ಹಿಂದೆ ಸರಿಯಬಾರದು.

ಈ ಓಟಕ್ಕೆ ಕ್ರೀಡಾಂಗಣ ಬೇಡ, ಗುಡ್ಡ ಬೇಕು. ಸಿಡಿಮದ್ದಿಟ್ಟು ಒಡೆದ ಕಲ್ಲುಗುಡ್ಡ ಮತ್ತೆ ಬೆಳೆಯುವುದಿಲ್ಲ. ಅದರೊಡನೆ ಕುರಿಯ ಮೇವು, ಕೆರೆಗೆ ಹರಿಯುವ ಮಳೆನೀರು ಎರಡೂ ಹೋಗುತ್ತವೆ. ಓಡುವವರಿಗೂ ಹೊಣೆಯಿದೆ. ಇಳಿಜಾರಿನಲ್ಲಿ ಅಡ್ಡದಾರಿ ಹಿಡಿದರೆ ಹುಲ್ಲು ಸವೆದು, ಮಳೆಗೆ ಮಣ್ಣು ಕೊಚ್ಚಿ ಕೊರಕಲಾಗುತ್ತದೆ. ಇದನ್ನರಿತೇ ಜಾಸ್ಮಿನ್ ಮತ್ತು ಸಂಗಾತಿಗಳು 2022ರಲ್ಲಿ ‘ಗ್ರೀನ್ ರನ್ನರ್ಸ್’ ಎಂಬ ಸಂಘಟನೆ ಕಟ್ಟಿದರು. ಪ್ರಯಾಣ, ಉಡುಪು, ಆಹಾರಗಳಲ್ಲಿ ಮಿತವಿರಲಿ, ನಿಸರ್ಗದ ಪರವಾಗಿ ದನಿಯೆತ್ತಿರಿ ಎಂಬುದು ಅದರ ಕರೆ.

ಆದ್ದರಿಂದ ಹಿರಿಯರಲ್ಲಿ ಬಿನ್ನಹವಿಷ್ಟೇ: ಮುಂಜಾನೆ ಗುಡ್ಡದತ್ತ ಹೊರಟ ಮಗಳನ್ನು ತಡೆಯದಿರಿ, ಅವಳ ಪಾಲಿನ ಕೊಡವನ್ನು ಆ ಒಂದು ಗಂಟೆ ಅಣ್ಣತಮ್ಮಂದಿರು ಹೊರಲಿ. ವಿದ್ಯಾರ್ಥಿನಿಯರೇ, ನಿಮ್ಮೂರ ಗುಡ್ಡವನ್ನು ಒಮ್ಮೆ ಏರಿ ನೋಡಿ. ಕಾಲಿಂದ ಅರಿತ ಗುಡ್ಡವನ್ನು ಯಾರೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ.