ತುಂಬು ತೋಳಿನ ಅಂಗಿ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳ ಬರಹರೂಪ)



ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು ಕಂಪ್ಯೂಟರ್ ಬಗ್ಗೆ ಮಾತನಾಡುತ್ತಾನೆ ಎಂದು ಸಂಘಟಕರು ಅಂದುಕೊಂಡಿದ್ದರು. ಕ್ಷಮಿಸಿ, ನಾನು ನನ್ನ ಮೊಣಕೈ ಬಗ್ಗೆ ಮಾತನಾಡಲು ಬಂದಿದ್ದೇನೆ.

ಒಂಬತ್ತನೇ ತರಗತಿಯಲ್ಲಿದ್ದಾಗ ನನ್ನ ಮೊಣಕೈ, ಮೊಣಕಾಲುಗಳ ಮೇಲೆ ಕೆಂಪು ಗುಳ್ಳೆಗಳೆದ್ದವು. ಕೆಲವೇ ವಾರಗಳಲ್ಲಿ ಒಂದಕ್ಕೊಂದು ಕೂಡಿಕೊಂಡು ದಪ್ಪಗಾದವು. ಮೇಲೆಲ್ಲ ಬೆಳ್ಳಗಿನ ಹಕ್ಕಳೆ. ಕೆರೆದರೆ ಸಾಸಿವೆ ಕಾಳಿನಷ್ಟು ರಕ್ತದ ಚುಕ್ಕೆಗಳು. ಬೆಂಚಿನ ಮೇಲೆ ಹೊಟ್ಟು ಉದುರುತ್ತಿತ್ತು. ಪಕ್ಕದಲ್ಲಿ ಕೂರುತ್ತಿದ್ದವನು ಮೊದಲು ಒಂದು ಗೇಣು ಸರಿದ, ಆಮೇಲೆ ಹಿಂದಿನ ಬೆಂಚಿಗೇ ಹೋದ. ಅವನ ಮೇಲೆ ಸಿಟ್ಟಿಲ್ಲ, ಈಗ ಇಲ್ಲೇ ಕೂತು ನಗುತ್ತಿದ್ದಾನೆ. ನಂಜು ಎಂದು ಅಜ್ಜಿ ಬದನೆಕಾಯಿ ಬಿಡಿಸಿದರು. ಸರ್ಪದೋಷ ಇರಬಹುದೆಂದು ಅವ್ವ ನಾಗರಕಲ್ಲಿಗೆ ಹಾಲೆರೆದಳು. ನಾನು ಬೇಸಿಗೆಯಲ್ಲೂ ತುಂಬು ತೋಳಿನ ಅಂಗಿ ಹಾಕಿದೆ, ಕಬಡ್ಡಿ ಬಿಟ್ಟೆ.

ಪೇಟೆಯಲ್ಲಿ ಒಬ್ಬರು ಸಣ್ಣ ಬಿಳಿ ಮಾತ್ರೆ ಕೊಟ್ಟರು. ಹತ್ತೇ ದಿನಕ್ಕೆ ಚರ್ಮ ನುಣುಪಾಯಿತು. ಮಾತ್ರೆ ಮುಗಿದ ಮೇಲೆ ಬೆನ್ನು, ಹೊಟ್ಟೆ, ತಲೆ, ಎಲ್ಲ ಕಡೆಗೂ ಬಂತು. ಅದು ಸ್ಟೀರಾಯ್ಡ್ ಎಂದು ಗೊತ್ತಾದದ್ದು ಜಿಲ್ಲಾ ಆಸ್ಪತ್ರೆಯಲ್ಲಿ. ಅಲ್ಲಿನ ಚರ್ಮವೈದ್ಯರು ಹತ್ತಿಯ ಎಳೆಯಿಂದ ಮುಟ್ಟಿ ನೋಡಿ, ಸ್ಪರ್ಶ ತಿಳಿಯುತ್ತಿದೆ, ಇದು ಕುಷ್ಠವಲ್ಲ ಎಂದರು. (ಕುಷ್ಠಕ್ಕೂ ಹೆದರಬೇಕಿಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಔಷಧವಿದೆ, ವಾಸಿಯಾಗುತ್ತದೆ.) ನನ್ನದು ಸೋರಿಯಾಸಿಸ್.

ಚರ್ಮದ ಮೇಲ್ಪದರ ಹೊಸದಾಗಲು ಮಾಮೂಲಿಯಾಗಿ ಸುಮಾರು ಒಂದು ತಿಂಗಳು ಬೇಕು. ಈ ಕಾಯಿಲೆಯಲ್ಲಿ ನಾಲ್ಕೈದು ದಿನ ಸಾಕು. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ತಪ್ಪಾಗಿ ಅವಸರ ಮಾಡುತ್ತದೆ. ಹಳೆಯದು ಉದುರುವ ಮೊದಲೇ ಹೊಸದು ಬಂದು ರಾಶಿ ಬೀಳುತ್ತದೆ. ನಮ್ಮ ಕಸುಬಿನ ಮಾತಲ್ಲಿ ಹೇಳುವುದಾದರೆ, ನಿಲ್ಲಬೇಕಾದ ಲೂಪ್ ನಿಲ್ಲುತ್ತಿಲ್ಲ. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಪೂರ್ತಿ ಹೋಗುವ ಔಷಧ ಇನ್ನೂ ಇಲ್ಲ, ಆದರೆ ಹತೋಟಿಯಲ್ಲಿ ಇಡಬಹುದು. ಸ್ನಾನವಾದ ಕೂಡಲೇ ಕೊಬ್ಬರಿ ಎಣ್ಣೆ, ಹಕ್ಕಳೆ ಮೆತ್ತಗಾಗಲು ಸ್ಯಾಲಿಸಿಲಿಕ್ ಆಮ್ಲದ ಮುಲಾಮು. ಮುಂದೆ ಜಾಸ್ತಿಯಾದಾಗ ಮೆಥೊಟ್ರೆಕ್ಸೇಟ್ ಮಾತ್ರೆ ಬಂತು. ಅದು ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಮರೆಯಬಾರದೆಂದು ಅವ್ವ ಕ್ಯಾಲೆಂಡರಿನ ಭಾನುವಾರಗಳಿಗೆ ಕುಂಕುಮದ ಬೊಟ್ಟು ಇಡುತ್ತಿದ್ದಳು. ಮಧ್ಯೆ ಮಧ್ಯೆ ರಕ್ತ ಪರೀಕ್ಷೆ.

ಇಷ್ಟು ಹೇಳಲು ನಾನು ವೇದಿಕೆ ಹತ್ತಬೇಕಿರಲಿಲ್ಲ. ಇನ್ನೊಂದು ಮಾತಿದೆ.

ನಾನು ಎಸ್.ಎಸ್.ಎಲ್.ಸಿ.ಯಲ್ಲಿದ್ದಾಗ ಎಂಟನೇ ತರಗತಿಗೆ ಒಬ್ಬ ಹುಡುಗ ಸೇರಿದ. ಅವನ ಕೈಗಳ ಮೇಲೂ ಅವೇ ಹಕ್ಕಳೆ. ಅಷ್ಟು ಹೊತ್ತಿಗೆ ನನ್ನ ಕಾಯಿಲೆಯ ಹೆಸರು, ಡಾಕ್ಟರು ಕೂರುವ ಕೊಠಡಿ ಎಲ್ಲ ನನಗೆ ಗೊತ್ತಿತ್ತು. ಒಮ್ಮೆ ಬೋರ್‌ವೆಲ್ ಹತ್ತಿರ ಅವನು ನನ್ನ ಮಣಿಕಟ್ಟನ್ನೇ ನೋಡಿದ. ನಾನು ತೋಳು ಕೆಳಗೆಳೆದುಕೊಂಡು ಹೊರಟುಹೋದೆ. ಅವನ ಜೊತೆ ಕಂಡರೆ ನಮ್ಮಿಬ್ಬರನ್ನೂ ಒಟ್ಟು ಸೇರಿಸಿ ಆಡಿಕೊಳ್ಳುತ್ತಾರೆ ಎಂಬ ಹೆದರಿಕೆ. ದಸರಾ ರಜೆ ಮುಗಿದ ಮೇಲೆ ಅವನು ಶಾಲೆಗೆ ಬರಲಿಲ್ಲ. ಏಕೆಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಬೆನ್ನ ಹಿಂದೆ ಸರಿದು ಕೂತ ಗೆಳೆಯನಿಗೆ ಕಾಯಿಲೆಯ ಬಗ್ಗೆ ತಿಳಿದಿರಲಿಲ್ಲ. ನನಗೆ ತಿಳಿದಿತ್ತು.

ಈ ಸಮಾರಂಭದ ಕರೆಯೋಲೆ ಬಂದಾಗ ಹಳೆಯ ಹಾಜರಿ ಪಟ್ಟಿಯಿಂದ ಅವನನ್ನು ಹುಡುಕಿಸಿದೆ, ಸಿಗಲಿಲ್ಲ. ಅವನ ಊರಿನವರು ಯಾರಾದರೂ ಇಲ್ಲಿದ್ದರೆ ಆಮೇಲೆ ನನ್ನನ್ನು ಕಾಣಿ.

ಇವತ್ತು ಅರ್ಧ ತೋಳಿನ ಅಂಗಿ ಹಾಕಿ ಬಂದಿದ್ದೇನೆ. ಊಟದವರೆಗೂ ಎಂಟನೇ ತರಗತಿಯ ಜಗಲಿಯಲ್ಲಿ ಕೂತಿರುತ್ತೇನೆ. ಯಾವ ಮಗುವಿಗಾದರೂ ಹೀಗೆ ಇದ್ದರೆ ಕರೆದುಕೊಂಡು ಬನ್ನಿ. ನಾನು ವೈದ್ಯನಲ್ಲ, ಔಷಧ ಹೇಳುವುದಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಯಾವ ಕೊಠಡಿಗೆ ಹೋಗಬೇಕೆಂದು ಹೇಳುತ್ತೇನೆ, ಬೇಕಿದ್ದರೆ ನಾಳೆ ಜೊತೆಗೂ ಬರುತ್ತೇನೆ.